ಅಕ್ಕನ ಕೈಯ ವೇಗ

ಮಾರ್ಚ್ ೧೪, ಗುರುವಾರ

ನಳಿಕೆ ಇವತ್ತು ಹರಿದುಹೋಯಿತು. ಕೆಟ್ಟ ರಕ್ತನಾಳದ ಬದಲಿಗೆ ಹೊಲಿಯಲೆಂದು ನಾವು ಮಾಡುವ ಈ ನಳಿಕೆ ಮೆಲ್ಲಗೆ ಕರಗಬೇಕು. ಅಷ್ಟರಲ್ಲಿ ಮೈಯ ಸ್ವಂತ ನಾಳ ಅಲ್ಲಿ ಬೆಳೆದುಕೊಳ್ಳಬೇಕು. ಲ್ಯಾಬಿನಲ್ಲಿ ಇಷ್ಟು ವರ್ಷ ಹಾಗೆಯೇ ಆಗುತ್ತಿತ್ತು. ನಳಿಕೆಯೊಳಗೆ ದ್ರವ ಹರಿಸುವ ಪಂಪನ್ನು ಯಾವಾಗಲೂ ಆರೋಗ್ಯವಂತರ ರಕ್ತದ ವೇಗಕ್ಕೇ ಇಡುತ್ತಿದ್ದೆವಲ್ಲ! ಆರೋಗ್ಯವಂತರಿಗೆ ನಳಿಕೆ ಯಾಕೆ ಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಎಂಥ ಜಾಣರು ನಾವು.

ಹೋದ ತಿಂಗಳು ಯಾರಿಗೂ ಹೇಳದೆ ಒಂದು ಪಂಪನ್ನು ಅಕ್ಕನ ಕೈಯ, ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ನಾಳದ ಸ್ಕ್ಯಾನಿನಲ್ಲಿದ್ದ ವೇಗಕ್ಕೆ ಇಳಿಸಿದ್ದೆ. ಇವತ್ತು ಹರಿದದ್ದು ಅದರ ನಳಿಕೆಯೇ. ಹರಿವು ನಿಧಾನವಾದದ್ದಕ್ಕೆ ಜೀವಕೋಶಗಳು ನಳಿಕೆಯ ಗೋಡೆಯನ್ನು ತಿಂದುಹಾಕಿವೆ. ಹೊಸ ನಾಳ ಬೆಳೆದೇ ಇಲ್ಲ.

ಲ್ಯಾಬಿನ ಮುಖ್ಯಸ್ಥೆ ಮೇಡಂ ನೋಡಿ, "ಹೋಗ್ಲಿ ಬಿಡ್ರೀ, ರಕ್ತ ಅಷ್ಟು ನಿಧಾನ ಇರೋ ಪೇಷಂಟ್‌ಗಳನ್ನ ನಾವು ಟ್ರಯಲ್‌ಗೆ ತಗೊಳ್ಳೋದೇ ಇಲ್ವಲ್ಲ," ಅಂದರು.

ಸಂಜೆ ಡಯಾಲಿಸಿಸ್ ಮುಗಿಸಿ ಬಂದ ಅಕ್ಕ ದಿನದಂತೆ ನನ್ನ ಬೆರಳನ್ನು ತನ್ನ ಮಣಿಕಟ್ಟಿನ ಮೇಲಿಟ್ಟುಕೊಂಡಳು.

"ಹರೀತಿದೆಯೇನೋ?"

"ಹೂಂ ಅಕ್ಕ, ಚೆನ್ನಾಗಿದೆ."

"ನಿನ್ನ ಪೈಪು ಬರೋ ತನಕ ಈ ನಾಳ ಒಂದು ತಾಳಿದ್ರೆ ಸಾಕಪ್ಪ."

ಬೆರಳಿನಡಿ ರಕ್ತ ಹರಿಯುವ ಜುಮುಜುಮು ನಿನ್ನೆಗಿಂತ ಕಡಿಮೆಯಿತ್ತು. ಕೈ ತೆಗೆಯಲಾಗಲಿಲ್ಲ.

ಬೆಳಿಗ್ಗೆ ಪಂಪನ್ನು ಮತ್ತೆ ಮೊದಲಿನ ವೇಗಕ್ಕೆ ಏರಿಸಬೇಕಂತೆ. ಅದಕ್ಕೇನು, ಗುಂಡಿ ತಿರುಗಿಸಿದರೆ ಏರುತ್ತದೆ. ಅಕ್ಕನ ಕೈಗೆ ಅಂಥ ಗುಂಡಿ ಎಲ್ಲಿದೆ?