ಸಾರಿಗೆ ಬೆರೆಸಿದ ಮಾತ್ರೆ

ಹೆತ್ತೂರು
18 ಜುಲೈ 2001

ನನ್ನ ಮಗಳು ಪೂಜಿತಾಗೆ,

ಹೇಗಿದ್ದೀಯೇ? ನಿನ್ನ ಸೊಂಟನೋವು ಕಡಿಮೆಯಾಯಿತೇ? ಅಳಿಯಂದಿರಿಗೆ ತರೀಕೆರೆಯ ಹೊಸ ಶಾಲೆ ಒಗ್ಗಿತೇ? ನನ್ನನ್ನು ಕೇಳಿದರೆ ನಾನು ಚೆನ್ನಾಗಿಲ್ಲ. ಕಾರಣ ನಿಮ್ಮಪ್ಪ. ಈ ಮನುಷ್ಯನ ಜೊತೆ ಏಗಿ ಏಗಿ ಸಾಕಾಗಿಹೋಗಿದೆ ಕಣೇ.

ಹಾಸನದ ಡಾಕ್ಟರು ನಿನ್ನೆದುರಿಗೇ ಹೇಳಲಿಲ್ಲವೇ? ಎದೆಬಡಿತ ತಾಳ ತಪ್ಪಿದೆ, ಹಾಗೇ ಬಿಟ್ಟರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ತಲೆಗೇರುತ್ತದೆ, ಲಕ್ವ ಹೊಡೆಯುತ್ತದೆ, ಅದಕ್ಕೇ ರಕ್ತ ತೆಳುವಾಗಿಸುವ ಮಾತ್ರೆ ದಿನಕ್ಕೊಂದು, ಬಿಡಲೂ ಬಾರದು, ಹೆಚ್ಚಿಸಲೂ ಬಾರದು ಎಂದು? ಮಳೆ ಹಿಡಿಯುವವರೆಗೆ ನುಂಗಿದರು. ಕಾಫಿ ತೋಟದಲ್ಲಿ ರಕ್ತ ಹೀರುವ ಇಂಬಳ ಏಳುತ್ತಲೇ ರಗಳೆ ಶುರುವಾಯಿತು. ನಮಗೆ ಇಂಬಳ ಕಚ್ಚಿದರೆ ಸುಣ್ಣ ಒತ್ತಿ ಮರೆತುಬಿಡುತ್ತೇವೆ. ಇವರಿಗೆ ಕಚ್ಚಿದ ಜಾಗ ಸಂಜೆಯವರೆಗೂ ಜಿನುಗುತ್ತದೆ. ತೋಟಕ್ಕೆ ಹೋಗಬೇಡಿ, ಚರಂಡಿ ಬಿಡಿಸಲು ಜವರಪ್ಪ ಇದ್ದಾನಲ್ಲ ಅಂದೆ. "ತ್ವಾಟ ಬುಟ್ಟು ಒಲೆ ಮುಂದೆ ಕೂತ್ಕಳಕೆ ನಾನೇನು ಬೆಕ್ಕಾ? ಮಾತ್ರೆನೇ ಬುಟ್ಬುಟ್ಟೆ ಹೋಗೇ" ಅಂದರು.

ಅತ್ತದ್ದಾಯಿತು, ಗೋಗರೆದದ್ದಾಯಿತು, ಮಾತು ಬಿಟ್ಟದ್ದೂ ಆಯಿತು. ಕೊನೆಗೆ ನಾನೇ ಮಾತ್ರೆ ಪುಡಿಮಾಡಿ ದಿನಾ ಅವರ ಸಾರಿಗೆ ಬೆರೆಸತೊಡಗಿದೆ. ಚಪ್ಪರಿಸಿ ಉಣ್ಣುತ್ತಾರೆ, ಗೊತ್ತೇ ಆಗಿಲ್ಲ. ಆದರೆ ಎಷ್ಟು ದಿನ ಈ ಕಳ್ಳಾಟ? ಈ ಸಲದ ರಕ್ತಪರೀಕ್ಷೆಗೂ ಬರುವುದಿಲ್ಲವಂತೆ. ಬೆಳಿಗ್ಗೆ ಮತ್ತೆ ಇಂಬಳ ಕಚ್ಚಿಸಿಕೊಂಡು ಬಂದು, ಕಾಲಿಗೆ ಬಟ್ಟೆ ಸುತ್ತಿ ಜಗಲಿಯಲ್ಲಿ ಕೂತಿದ್ದಾರೆ. ರಕ್ತ ಇನ್ನೂ ನಿಂತಿಲ್ಲ. ಸಿಟ್ಟಿಗೆ ನನಗೆ ಅಯ್ಯೋ ಎನ್ನಿಸಲೂ ಇಲ್ಲ. ನೀನು ಚೆನ್ನಾಗಿ ಬೈದು ಅವರಿಗೊಂದು ಕಾಗದ ಹಾಕು. ನನ್ನ ಮಾತಿಗಿಲ್ಲದ ಬೆಲೆ ನಿನ್ನ ಬೈಗುಳಕ್ಕಿದೆ.

ನೀನೂ ಅಳಿಯಂದಿರೂ ನೂರು ಕಾಲ ತಣ್ಣಗಿರಿ. ಮಳೆಯಲ್ಲಿ ಬರಿಗಾಲಲ್ಲಿ ಓಡಾಡಬೇಡ.

ನಿನ್ನ ಅಮ್ಮ
ರಾಜಲಕ್ಷ್ಮಮ್ಮ

ವಿ.ಸೂ.: ಒಗೆಯಲೆಂದು ಅಂಗಿ ತೆಗೆದರೆ ಜೇಬಿನಲ್ಲಿ ಅದೇ ಮಾತ್ರೆಯ ಪಟ್ಟಿ, ಮುಕ್ಕಾಲು ಖಾಲಿ! ಇದೇನು ಅಂದರೆ, "ನೀನು ಅತ್ತ ಮಾರ್ನೇ ದಿನದಿಂದ್ಲೇ ಬ್ಯಾರೆ ತರ್ಸ್ಕಂಡು ತಗತಿದೀನಿ ಕಣೇ. ಸೋತೆ ಅಂತ ನಿನ್ ತಾವ ಹೇಳಕೆ ನಾಚ್ಕೆ ಆಯ್ತು" ಅನ್ನುತ್ತಾರೆ. ಇಷ್ಟು ದಿನವೂ ಎರಡೆರಡು ಹೊಟ್ಟೆಗೆ ಹೋಗಿದೆಯಲ್ಲೇ! ಈಗ ವಸಡಿನಲ್ಲೂ ರಕ್ತ ಬರುತ್ತಿದೆ. ಪಕ್ಕದ ಮನೆ ಗುಂಡಯ್ಯನ ಜೀಪು ಬಾಗಿಲಿಗೆ ಬಂದಿದೆ, ಹಾಸನದ ಆಸ್ಪತ್ರೆಗೆ ಹೊರಟೆವು. ಊರಿನ ಫೋನು ಸತ್ತಿದೆ. ಈ ಕಾಗದವನ್ನು ತರೀಕೆರೆ ಬಸ್ಸಿನವರ ಕೈಗೆ ಕೊಡುತ್ತೇನೆ, ಕಂಡ ತಕ್ಷಣ ಹೊರಟು ಬಾ. ಸಾರಿನ ವಿಷಯ ಅವರಿಗೆ ಹೇಳಲು ನನಗಿನ್ನೂ ಬಾಯಿ ಬಂದಿಲ್ಲ. ಅವರನ್ನು ಬೈಯಬೇಡ ಮಗಳೇ. ಬೈಯುವುದಾದರೆ ನನ್ನನ್ನು ಬೈ.