ನಿಮ್ಮ ಪ್ರಕಟಣೆ ತಿಂದ ನಮ್ಮ ಕೌಲಿಯ ಪರವಾಗಿ

ಖಾಲಿ ಹುದ್ದೆ ತುಂಬುವ, ಟೆಂಡರ್ ತೆರೆಯುವ, ಎರಡಕ್ಕೂ ಒಂದೇ ಪೆನ್ನಿನಲ್ಲಿ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನನ್ನ ಹಸು ಕೌಲಿ ಸರ್ಕಾರಿ ದಾಖಲೆ ತಿಂದಿದೆ, ಏಳು ದಿನದೊಳಗೆ ಸಮಜಾಯಿಷಿ ಕೊಡಿ, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು ಎಂದು ಚಾಮರಾಜನಗರದಿಂದ ತಾವು ಕಳಿಸಿದ ನೋಟಿಸು ಕೈ ಸೇರಿತು. ರಿಜಿಸ್ಟರ್ ಪೋಸ್ಟು, ಹೆಸರಿನ ಮುಂದೆ ಶ್ರೀ, ಅಪ್ಪನ ಹೆಸರು ಸಮೇತ. ಓದಿ ನನಗೆ ಹೆಮ್ಮೆಯೇ ಆಯಿತು. ಹಸು ಮಾಡಿದ ತಪ್ಪಿಗೆ ನಮ್ಮ ಮನೆ ಬಾಗಿಲು ಇಷ್ಟು ಚೆನ್ನಾಗಿ ಹುಡುಕಿಕೊಂಡು ಬರುವ ಕಚೇರಿಗೆ, ನಮ್ಮೂರಲ್ಲೊಂದು ನೌಕರಿ ಖಾಲಿ ಇದೆ ಅಂತ ಹೇಳುವಾಗ ಮಾತ್ರ ದಾರಿ ಯಾಕೆ ತಪ್ಪುತ್ತದೆ? ಸಮಜಾಯಿಷಿ ಕೊಡುತ್ತೇನೆ. ಆದರೆ ಮುಚ್ಚಿದ ಲಕೋಟೆಯಲ್ಲಿ ಕೊಡುವುದಿಲ್ಲ, ಎಲ್ಲರೂ ಓದುವ ಹಾಗೆ ಕೊಡುತ್ತೇನೆ. ಮುಚ್ಚಿದ ಲಕೋಟೆಗಳು ತಮ್ಮ ಬಳಿ ಸಾಕಷ್ಟಿವೆ ಅಂತ ಕೇಳಿದ್ದೇನೆ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಗುಂಡ್ಲುಪೇಟೆಯಿಂದ ತೆರಕಣಾಂಬಿ ಕಡೆ ಹೋಗುವಾಗ ಬಸ್ಸು ನಿಂತರೂ ನಿಂತಿತು, ಇಲ್ಲದಿದ್ದರೆ ಇಲ್ಲ, ಅಂಥ ಊರು ನಮ್ಮದು. ನಾನು ಮೂರನೇ ಕ್ಲಾಸಿನಲ್ಲಿ ಮೇಷ್ಟ್ರ ಬೆತ್ತ ಮುರಿದು ಮನೆಗೆ ಬಂದವನು, ಮತ್ತೆ ಹೋಗಲಿಲ್ಲ. ಬೆತ್ತ ಯಾರ ಬೆನ್ನ ಮೇಲೆ ಮುರಿಯಿತು ಅನ್ನುವುದು ಈ ಪತ್ರಕ್ಕೆ ಸಂಬಂಧಿಸಿದ್ದಲ್ಲ. ಓದು ಕಲಿತದ್ದು ಆಮೇಲೆ, ಮೀಸೆ ಬೆಳ್ಳಗಾದ ಮೇಲೆ, ನಮ್ಮೂರಿನ ಗ್ರಂಥಾಲಯದಲ್ಲಿ ಕೂತು ಪೇಪರ್ ಓದುತ್ತಾ. 'ಜರುಗಿಸಲಾಗುವುದು', 'ತತ್ಸಂಬಂಧ', 'ಮೇಲ್ಕಂಡ ವಿಷಯಕ್ಕೆ' ಇವೆಲ್ಲ ನಾನು ಅಲ್ಲೇ ಕಲಿತ ಬೈಗುಳಗಳು.

ಆ ಗ್ರಂಥಾಲಯ ಅಂದರೆ ಒಂದೇ ಕೋಣೆ. ಮಳೆ ಬಂದರೆ ಕಾದಂಬರಿಗಳು ಒಂದು ಮೂಲೆಗೆ, ಪಂಚಾಂಗ ಇನ್ನೊಂದು ಮೂಲೆಗೆ ಓಡಬೇಕು, ಹಾಗೆ ಸೋರುತ್ತದೆ. ಅಲ್ಲಿದ್ದ ಮೇಲ್ವಿಚಾರಕರು ನಿವೃತ್ತರಾಗಿ ಎರಡು ವರ್ಷವಾಯಿತು. ಹುದ್ದೆ ಖಾಲಿ. ಹುದ್ದೆ ಖಾಲಿಯಾಯಿತು ಅಂತ ಬಾಗಿಲಿಗೆ ಬೀಗ ಬೀಳಲಿಲ್ಲ. ಯಾಕೆ ಅಂದರೆ ತಮನ್ನಾ ಇದ್ದಳು. ಗುಂಡ್ಲುಪೇಟೆ ರಸ್ತೆಯಲ್ಲಿ ಮಂಚ, ಕಿಟಕಿ ವೆಲ್ಡಿಂಗ್ ಮಾಡುವ ಅಪ್ಸರ್ ಪಾಷಾನ ಮಗಳು. ಗ್ರಂಥಾಲಯದ ಕೋರ್ಸು ಮಾಡಿ ಸರ್ಟಿಫಿಕೇಟು ಇಟ್ಟುಕೊಂಡು ಕೂತಿದ್ದ ಹೆಣ್ಣು. ಪಂಚಾಯ್ತಿಯವರು ಬೀಗದ ಕೈ ಅವಳ ಕೈಗೆ ಕೊಟ್ಟು, "ಸದ್ಯಕ್ಕೆ ನೋಡ್ಕೊಳಮ್ಮಾ, ಪೋಸ್ಟ್ ಕರೆದಾಗ ಅರ್ಜಿ ಹಾಕ್ಕೊ" ಅಂದರು. ಸಂಬಳ ಇಲ್ಲ, ಭತ್ಯೆ ಇಲ್ಲ. ಎರಡು ವರ್ಷ ದಿನಾ ಬಾಗಿಲು ತೆಗೆದಳು. ಗೆದ್ದಲು ಹಿಡಿದ ಪುಸ್ತಕ ಬಿಸಿಲಿಗೆ ಹಾಕಿದಳು. ನಾನು ಪೇಪರ್ ಜೋರಾಗಿ ಓದಿದರೆ "ತಾತ, ಇದು ಲೈಬ್ರರಿ ಕಣ, ಭಜನೆ ಮನೆ ಅಲ್ಲ" ಅಂತ ಬಾಯಿ ಮುಚ್ಚಿಸಿದಳು. ನನ್ನ ಬಾಯಿ ಮುಚ್ಚಿಸುವುದು ಎಂಥ ಅರ್ಹತೆ ಅಂತ ನನ್ನ ಹೆಂಡತಿ ಶಾಂತಮಲ್ಲಮ್ಮನನ್ನು ಕೇಳಿ. ಐವತ್ತು ವರ್ಷದಿಂದ ಪ್ರಯತ್ನದಲ್ಲಿದ್ದಾಳೆ.

ತಮನ್ನಾ ನನಗೆ ನೆಂಟಳಲ್ಲ, ತಮಗೂ ನೆಂಟಳಲ್ಲ. ತೊಂದರೆ ಆದದ್ದೇ ಅಲ್ಲಿ. ಈ ಸಲ ಬಿಟ್ಟರೆ, ತಾವು ಮುಂದಿನ ಸಲ ಹುದ್ದೆ ಕರೆಯುವಷ್ಟರಲ್ಲಿ ಅವಳ ವಯಸ್ಸಿನ ಮಿತಿ ಮುಗಿದಿರುತ್ತದೆ. ಇದು ಅವಳಿಗಿದ್ದ ಒಂದೇ ಬಾಗಿಲು.

ಈಗ ಹಸುವಿನ ವಿಷಯ.

ಕಳೆದ ತಿಂಗಳು ಒಂದು ದಿನ ಇಳಿಹೊತ್ತಿನಲ್ಲಿ ತಮ್ಮ ಕಚೇರಿಯ ಜವಾನ ಬೈಕಿನಲ್ಲಿ ಬಂದ. ಹೆಸರು ಬರೆಯುವುದಿಲ್ಲ, ಬರೆದರೆ ನಾಳೆ ಅವನನ್ನು ಯಾವ ಕಾಡಿಗೆ ಎಸೆಯುತ್ತೀರೋ. ಕೈಯಲ್ಲಿ ಎರಡು ಹಾಳೆ. ಒಂದು, ಗ್ರಂಥಾಲಯದ ಮೇಲ್ವಿಚಾರಕರ ಹುದ್ದೆಗೆ ಅರ್ಜಿ ಕರೆದದ್ದು. ಇನ್ನೊಂದು, ಅದೇ ಗ್ರಂಥಾಲಯದ ಸೂರು ರಿಪೇರಿಗೂ ಪುಸ್ತಕದ ಬೀರುಗಳಿಗೂ ಟೆಂಡರ್ ಕರೆದದ್ದು. ಅವುಗಳಲ್ಲಿ ಪೂರ್ತಿ ಏನಿತ್ತು ಅಂತ ನಮಗೆ ಗೊತ್ತಾದದ್ದು ಆಮೇಲೆ. ಆವತ್ತು ಅವನಿಗೆ ಬೇಕಾಗಿದ್ದದ್ದು ಅಂಟು. ಕಚೇರಿಯಲ್ಲಿ ಅಂಟು ಮುಗಿದಿತ್ತಂತೆ. ಅಂಟಿಗೂ ಟೆಂಡರ್ ಕರೆಯಬೇಕಾಗಿತ್ತೋ ಏನೋ. ನಮ್ಮ ಮನೆ ಜಗಲಿಗೆ ಬಂದ.

"ಅಮ್ಮೋ, ಒಂಚೂರು ಮೈದಾ ಇದ್ರೆ ಕಲಸಿಕೊಡ್ತೀರಾ?"

"ಮೈದಾನಾ? ನಾವೇನ್ ಬೇಕರಿ ಮಡಗಿದ್ದೀವಾ?" ಅಂದಳು ಶಾಂತಮಲ್ಲಮ್ಮ. "ಕೌಲಿಗೆ ಅಂತ ಗಂಜಿ ಕಾಯಿಸಿ ಮಡಗಿವ್ನಿ. ಮಂದವಾಗದೆ. ಅದು ಅಂಟ್ಕಂಡ್ರೆ ತಕ್ಕೊಂಡೋಗು."

"ಅದ್ರಲ್ಲೇನಮ್ಮ ಆಕಿದ್ದೀರಿ?"

"ಅಕ್ಕಿನುಚ್ಚು, ಇಂಡಿ, ಒಂದ್ ಕಲ್ ಉಪ್ಪು, ಬೆಲ್ಲದ ತಳ. ಯಾಕ್ಲಾ, ನೀನೇನ್ ಕುಡಿಯದಿದ್ದದಾ?"

ಅವನು ನಕ್ಕು, ಒಂದು ಚೊಂಬು ಗಂಜಿ ತೆಗೆದುಕೊಂಡು ಹೋದ. ಗ್ರಂಥಾಲಯಕ್ಕೆ ಮುಂದೆ ಬಾಗಿಲಿದೆ. ಬಾಗಿಲ ಪಕ್ಕ ಕಪ್ಪು ಹಲಗೆಯಿದೆ. ಎದುರಿಗೆ ಬಸ್ಸು ನಿಲ್ಲುವ ಜಾಗ, ಟೀ ಅಂಗಡಿ, ಇಡೀ ಊರು ಇದೆ. ಇದಾವುದೂ ಅವನಿಗೆ ಬೇಡವಾಯಿತು. ಕಟ್ಟಡ ಸುತ್ತಿಕೊಂಡು ಹಿಂದಕ್ಕೆ ಬಂದ. ಹಿಂದಿನ ಗೋಡೆ ನೋಡುವುದು ನಮ್ಮ ಕೊಟ್ಟಿಗೆಯನ್ನು. ಅಲ್ಲಿಗೆ ಹೋಗುವವರು ಎರಡೇ ಜನ, ನಾನು ಮತ್ತು ಕೌಲಿ.

"ಅಲ್ಲಯ್ಯಾ, ಇಲ್ಯಾರು ನೋಡರು?" ಅಂದೆ.

"ಹಿಂದ್ಗಡೆ ಗೋಡೆ ಅಂತ್ಲೇ ಬರ್ದು ಕಳ್ಸವ್ರೆ ತಾತ. ನಾನೇನ್ ಮಾಡನ?"

ಎರಡೂ ಹಾಳೆಗೆ ಗಂಜಿ ಬಳಿದ. ಸರಿಯಾಗಿ ಹಸುವಿನ ಮೂತಿಯ ಎತ್ತರಕ್ಕೆ ಮೆತ್ತಿದ. ಫೋಟೋ ಹೊಡೆಯಲು ಫೋನು ತೆಗೆದ. ಕನ್ನಡಕ ತಂದು ಓದೋಣ ಅಂತ ನಾನು ಮನೆಯೊಳಗೆ ಹೋದೆ. ಶಾಂತಮಲ್ಲಮ್ಮ ಅದನ್ನು ಅಕ್ಕಿ ಡಬ್ಬದ ಮೇಲಿಟ್ಟು ಮರೆತಿದ್ದಳು. ಅದನ್ನು ಹುಡುಕಿ, ಅವಳ ಜೊತೆ ಜಗಳ ಆಡಿ ಬರುವಷ್ಟರಲ್ಲಿ ಬೈಕು ಹೋಗಿತ್ತು, ನೀರು ಕುಡಿಯಲು ಬಿಟ್ಟಿದ್ದ ಕೌಲಿ ಗೋಡೆ ಮುಂದೆ ನಿಂತಿದ್ದಳು. ಟೆಂಡರ್ ಪೂರ್ತಿ ಮುಗಿದಿತ್ತು. ಹುದ್ದೆಯ ಹಾಳೆಯಲ್ಲಿ ಒಂದು ತುಂಡು ಅವಳ ತುಟಿಗೆ ಅಂಟಿತ್ತು. ಕಿತ್ತು ಓದಿದೆ. 'ಗ್ರಂಥಾಲಯ ಮೇಲ್ವಿಚಾರಕರ ಹುದ್ದೆಗೆ ಅರ್ಜಿ ಸಲ್ಲಿಸಲು ಕೊನೆಯ' ಅಂತ ಇತ್ತು. ಕೊನೆಯ ಏನು, ಯಾವತ್ತು ಅನ್ನುವುದು ಕೌಲಿಯ ಹೊಟ್ಟೆಯಲ್ಲಿತ್ತು.

ಈಗ ಕಾನೂನು ಮಾತಾಡೋಣ. ಆ ಗಂಜಿ ಯಾರದ್ದು? ಕೌಲಿಯದ್ದು. ಅವಳ ಹೆಸರಿನಲ್ಲಿ ಕಾಯಿಸಿದ್ದು. ಅವಳ ಊಟ ಎತ್ತಿಕೊಂಡು ಹೋಗಿ ಗೋಡೆಗೆ ಬಳಿದದ್ದು ಯಾರು? ತಮ್ಮ ಕಚೇರಿ. ಅವಳು ತನ್ನ ಗಂಜಿ ತಾನು ತಿಂದಳು, ತಮ್ಮ ಕಾಗದ ಅದರ ಜೊತೆಗೆ ಬಂತು. ಯಾರು ಯಾರಿಗೆ ಸಮಜಾಯಿಷಿ ಕೊಡಬೇಕು, ತಾವೇ ಹೇಳಿ. ಆವತ್ತು ರಾತ್ರಿ ಅವಳಿಗೆ ಹೊಟ್ಟೆ ಉಬ್ಬರ ಬೇರೆ. ಸರ್ಕಾರಿ ಭಾಷೆ ಅರಗಿಸಿಕೊಳ್ಳುವುದು ಸುಲಭವಲ್ಲ ಅಂತ ನನಗೂ ಅನುಭವ ಇದೆ.

ತುಂಡು ಕಾಗದ ತೆಗೆದುಕೊಂಡು ಹೋಗಿ ತಮನ್ನಾಗೆ ತೋರಿಸಿದೆ. ಓದಿದವಳು ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು, ಮಿಕ್ಕಿದ್ದು ಹಿಂದೆ ಇದ್ದೀತೇನೋ ಅನ್ನುವ ಹಾಗೆ. ಅವಳ ಮುಖ ನೋಡಿ, ಮನೆಗೆ ಬಂದು ಕೌಲಿಗೆ ಎರಡು ಏಟು ಹಾಕೋಣ ಅನ್ನಿಸಿತು. ಹಾಕಲಿಲ್ಲ. ತಪ್ಪು ಅವಳದ್ದಲ್ಲ. ಮರುದಿನ ಮೊದಲನೇ ಬಸ್ಸಿಗೆ ತಮನ್ನಾ ಚಾಮರಾಜನಗರಕ್ಕೆ ಹೊರಟಳು. ಜೊತೆಗೆ ನಾನೂ ಹೋದೆ. ಬೇಡ ಅಂದಳು, ಸಿಟ್ಟು ಮಾಡ್ತೀಯ ಅಂತ. ಮಾಡಿದೆ.

ತಮ್ಮ ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತರು ಕೇಳಿದ ಮೊದಲ ಪ್ರಶ್ನೆ, "ಪ್ರಕಟಣೆ ಸಂಖ್ಯೆ ಎಷ್ಟು?"

"ಗೊತ್ತಿಲ್ಲ ಸಾರ್. ಹಾಳೇನ ಹಸ ತಿಂದ್ಬುಡ್ತು."

"ಸಂಖ್ಯೆ ಹೇಳ್ದೆ ಅರ್ಜಿ ಫಾರಂ ಕೊಡಕ್ಕಾಗಲ್ಲಮ್ಮ."

"ಸಂಖ್ಯೆ ನಿಮ್ಮತ್ರಾನೇ ಇರ್ತದಲ್ಲ ಸಾರ್?"

"ಇರ್ತದೆ. ಆದ್ರೆ ನೀವು ಹೇಳ್ಬೇಕು."

ನಾನು ಕಿಟಕಿಗೆ ತಲೆ ಹಾಕಿ, "ಅಯ್ಯಾ, ನಿನ್ನ ಮದುವೆಗೆ ಕರೆಯೋಲೆ ಕಾಗೆ ಎತ್ಕಂಡೋಗಿದ್ರೆ ನೆಂಟ್ರಿಗೆ ಊಟ ಹಾಕ್ತಿರ್ನಿಲ್ವಾ?" ಅಂದೆ. ಅವರು, "ಹಸೂನೇ ಕೇಳ್ಕೊಂಡ್ ಬನ್ನಿ ಯಜಮಾನ್ರೆ" ಅಂತ ನಕ್ಕರು. ಹಿಂದೆ ಕೂತವರೂ ನಕ್ಕರು. ತಮನ್ನಾ ನಗಲಿಲ್ಲ. ಸಂಜೆ ಕಿಟಕಿ ಮುಚ್ಚುವ ತನಕ ಅಲ್ಲೇ ಬೆಂಚಿನ ಮೇಲೆ ಸರ್ಟಿಫಿಕೇಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಮುಚ್ಚುವಾಗ ಹೇಳಿದರು, ಕೊನೆಯ ದಿನ ಅದೇ ದಿನ ಅಂತ. ಅಂದರೆ ತಾವು ಗೋಡೆಗೆ ಹಚ್ಚಿದ್ದು ಕೊನೆಯ ದಿನದ ಹಿಂದಿನ ಸಂಜೆ. ಹಿಂದಿನ ಗೋಡೆಗೆ. ಹಸುವಿನ ಊಟದಲ್ಲಿ. ಇಷ್ಟು ಅಚ್ಚುಕಟ್ಟಾದ ಕೆಲಸ ಸರ್ಕಾರದಲ್ಲಿ ನಡೆಯುವುದಿಲ್ಲ ಅಂತ ಯಾರು ಹೇಳಿದರು?

ನಾನು ದೂರು ಬರೆದೆ. ತಮ್ಮಿಂದ ಉತ್ತರ ಬಂತು. 'ಸಾಕಷ್ಟು ಪ್ರಚಾರ ನೀಡಲಾಗಿದೆ, ಛಾಯಾಚಿತ್ರ ಲಗತ್ತಿಸಿದೆ.' ಅದರ ಹಿಂದೆಯೇ ಹಸುವಿನ ಮೇಲೆ ನೋಟಿಸು. ಸಾಹೇಬರೇ, ಆ ಛಾಯಾಚಿತ್ರವನ್ನು ತಾವು ನೋಡಿದಿರಾ? ಕನ್ನಡಕ ನಿಮ್ಮ ಮನೆಯಲ್ಲೂ ಅಕ್ಕಿ ಡಬ್ಬದ ಮೇಲಿದೆಯೇ? ಎಡಗಡೆ ಮೂಲೆಯಲ್ಲಿ ನೋಡಿ. ಒಂದು ಗುಲಾಬಿ ನಾಲಿಗೆ ಇದೆ. ತಾವು ಪ್ರಚಾರದ ಸಾಕ್ಷಿ ಅಂತ ಕಳಿಸಿದ ಫೋಟೋದಲ್ಲೇ ಪ್ರಚಾರ ಮುಗಿಯಲು ಶುರುವಾಗಿದೆ. ಅವಳ ಕಿವಿಯಲ್ಲಿ ಹಳದಿ ಬಿಲ್ಲೆಯೂ ಕಾಣುತ್ತದೆ. ಪಶು ಇಲಾಖೆಯವರು ಹೊಡೆದದ್ದು. ತಾವು ನೋಟಿಸಿನಲ್ಲಿ ಆ ಬಿಲ್ಲೆಯ ನಂಬರನ್ನೂ ತಪ್ಪಿಲ್ಲದೆ ಬರೆದಿದ್ದೀರಿ. ಹಸುವಿನ ನಂಬರು ತಮಗೆ ಸಿಕ್ಕಿತು. ಪ್ರಕಟಣೆಯ ನಂಬರು ಮಾತ್ರ ತಮನ್ನಾಳೇ ತರಬೇಕಿತ್ತು.

ಆಮೇಲೆ ಗೊತ್ತಾಯಿತು, ಹುದ್ದೆಗೆ ಒಂದೇ ಅರ್ಜಿ ಬಂದಿದೆ. ಟೆಂಡರಿಗೂ ಒಂದೇ ಬಂದಿದೆ. ಎರಡೂ ಒಂದೇ ಮನೆಯಿಂದ. ಕೆಲಸ ಅಣ್ಣನಿಗೆ, ಸೂರು ಮತ್ತು ಬೀರು ತಮ್ಮನಿಗೆ. ಅವರು ನಮ್ಮೂರಿನವರಲ್ಲ. ಅವರಿಗೆ ಸುದ್ದಿ ಹೇಗೆ ತಲುಪಿತು? ಹಾಳೆಯನ್ನು ಪೂರ್ತಿ ಬಲ್ಲವಳು ನಮ್ಮ ಕಡೆ ಕೌಲಿ ಒಬ್ಬಳೇ. ಅವಳನ್ನು ಎರಡು ದಿನ ಕೂರಿಸಿಕೊಂಡು ವಿಚಾರಿಸಿದೆ. ಯಾರಿಗೂ ಬಾಯಿ ಬಿಟ್ಟಿಲ್ಲ ಅನ್ನುತ್ತಾಳೆ. ನಾನು ಅವಳನ್ನು ನಂಬುತ್ತೇನೆ. ಹಾಗಾದರೆ ಬಾಯಿ ಬಿಟ್ಟವರು ಯಾವ ಕೊಟ್ಟಿಗೆಯವರು?

ಮುಂದಿನ ಸಲಕ್ಕೆ ಬೇಕಾದರೆ ಒಂದೆರಡು ಸಬೂಬು ಪುಕ್ಕಟೆ ಕೊಡುತ್ತೇನೆ. ಪುಣಜನೂರಿನಲ್ಲಾದರೆ ಕಾಡಿಂದ ಆನೆ ಬಂದು ಪ್ರಕಟಣೆ ಹೊತ್ತುಕೊಂಡು ಹೋಯಿತು ಅನ್ನಿ, ಆನೆಗೆ ನೋಟಿಸು ಕೊಡಲು ಯಾರೂ ಹೋಗುವುದಿಲ್ಲ. ಉಮ್ಮತ್ತೂರಿನ ಕಡೆಯಾದರೆ ಗಾಳಿ ಅನ್ನಿ. ನಮ್ಮೂರಿನಲ್ಲಿ ಮಾತ್ರ ಹಸು ಅನ್ನಬೇಡಿ. ಹಸುವಿಗೆ ಯಜಮಾನ ಇದ್ದಾನೆ, ಅವನಿಗೆ ಸಿಟ್ಟು ಜಾಸ್ತಿ.

ನೇಮಕದ ಆದೇಶಕ್ಕೆ ತಾವಿನ್ನೂ ಸಹಿ ಹಾಕಿಲ್ಲ ಅಂತ ತಿಳಿಯಿತು. ಬರುವ ಸೋಮವಾರ ಬೀಗದ ಕೈ ಒಪ್ಪಿಸಬೇಕು ಅಂತ ತಮನ್ನಾಗೆ ಪಂಚಾಯ್ತಿಯಿಂದ ಬಾಯಿ ಮಾತಿನಲ್ಲಿ ಹೇಳಿದ್ದಾರೆ. ನಿನ್ನೆ ಬಾಗಿಲು ಹಾಕುವಾಗ ಕೇಳಿದಳು, "ತಾತ, ಕೊಟ್ಬುಡ್ಲಾ?"

"ಇಟ್ಕಣಮ್ಮಿ" ಅಂದೆ. "ಬಾಯಿ ಮಾತಲ್ಲಿ ಕೊಟ್ಟೋರು ಬಾಯಿ ಮಾತಲ್ಲಿ ಕೇಳ್ತಾವ್ರೆ. ಬರವಣಿಗೇಲಿ ಕೇಳ್ಲಿ."

"ಬರವಣಿಗೇಲಿ ಕೇಳುದ್ರೆ?"

ಅವಳು ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಬೀಗದ ಕೈಯನ್ನು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡು ಹೊರಟಳು. ನನಗೆ ಈ ಪತ್ರ ಬರೆಯುವ ಬುದ್ಧಿ ಬಂದದ್ದು ಆಗ.

ನನಗೆ ಬೇಕಾದದ್ದು ಇಷ್ಟೇ. ಆ ಎರಡೂ ಪ್ರಕಟಣೆ ರದ್ದು ಮಾಡಿ. ಮತ್ತೆ ಕರೆಯಿರಿ. ಆಗ ತಮನ್ನಾಳ ವಯಸ್ಸನ್ನು ಮೊದಲ ಪ್ರಕಟಣೆಯ ದಿನದ ಲೆಕ್ಕದಲ್ಲೇ ಹಿಡಿಯಿರಿ. ಹಾಳೆಯನ್ನು ಮುಂಬಾಗಿಲಿಗೆ ಹಚ್ಚಿ, ಪಂಚಾಯ್ತಿ ಮೈಕಿನಲ್ಲಿ ಓದಿಸಿ, ತರಕಾರಿ ಆಟೋದವನ ಕೈಲೂ ಕೂಗಿಸಿ, ಟೊಮೇಟೊ ಜೊತೆ ಅದೂ ಕೇಳಲಿ ಊರಿಗೆ. ಆ ಅಣ್ಣನೂ ಬರಲಿ, ಇನ್ನೂ ನೂರು ಜನ ಬರಲಿ. ತಮನ್ನಾಳಿಗೇ ಕೊಡಿ ಅಂತ ನಾನು ಕೇಳುತ್ತಿಲ್ಲ. ಅವಳನ್ನು ಸಾಲಿನಲ್ಲಿ ನಿಲ್ಲಲು ಬಿಡಿ ಅಂತ ಕೇಳುತ್ತಿದ್ದೇನೆ. ಅವಳಿಗಿಂತ ಚೆನ್ನಾಗಿ ಓದಿದವನು, ನನ್ನ ಬಾಯಿ ಮುಚ್ಚಿಸಬಲ್ಲವನು ಬಂದರೆ, ಬೀಗದ ಕೈ ಅವನಿಗೆ ಕೊಡು ಅಂತ ಅವಳಿಗೆ ನಾನೇ ಹೇಳುತ್ತೇನೆ.

ಕೊನೆಯದಾಗಿ ಒಂದು ತಾಂತ್ರಿಕ ವಿಷಯ. ಈ ಪತ್ರದ ಪ್ರತಿಯನ್ನು ಗ್ರಂಥಾಲಯದ ಮುಂಬಾಗಿಲಿಗೆ, ತೆರಕಣಾಂಬಿಯ ಸಂತೆ ಮಾಳಕ್ಕೆ, ಗುಂಡ್ಲುಪೇಟೆಯ ಬಸ್ ನಿಲ್ದಾಣಕ್ಕೆ, ಮತ್ತು ತಾವು ಕಾರಿನಿಂದ ಇಳಿಯುವ ಕಡೆಯ ಕಂಬಕ್ಕೆ, ತಮ್ಮ ಕಣ್ಣಿನ ಎತ್ತರಕ್ಕೆ ಹಚ್ಚಿಸಿದ್ದೇನೆ. ಅಂಟು ಶಾಂತಮಲ್ಲಮ್ಮನದೇ, ಆದರೆ ಈ ಸಲ ಬೆಲ್ಲ ಹಾಕಿಸಿಲ್ಲ, ಬೇವಿನೆಣ್ಣೆ ಹಾಕಿಸಿದ್ದೇನೆ. ಕೌಲಿಯ ಮುಂದೆ ಹಿಡಿದು ಪರೀಕ್ಷೆಯೂ ಮಾಡಿದೆ. ಮೂಸಿ ನೋಡಿ, ಮುಖ ತಿರುಗಿಸಿದಳು. ಇದನ್ನು ಜಿಲ್ಲೆಯ ಯಾವ ಹಸುವೂ ಮುಟ್ಟುವುದಿಲ್ಲ. ಇನ್ನು ಓದಲು ಉಳಿದವರು ತಾವು.

ಇಂತಿ,
ತಮ್ಮ ಪ್ರಕಟಣೆಯನ್ನು ನಮ್ಮೂರಿನಲ್ಲಿ ಪೂರ್ತಿ ಸ್ವೀಕರಿಸಿದ ಏಕೈಕ ಪ್ರಜೆಯ ಯಜಮಾನ,
ಪುಟ್ಟಮಲ್ಲಪ್ಪ
ಗುಂಡ್ಲುಪೇಟೆ ತಾಲ್ಲೂಕು

ಈ ಪತ್ರದ ಕಾಗುಣಿತ ತಿದ್ದಿದ್ದು ತಮನ್ನಾ. ಬೈಗುಳ ತೆಗೆದದ್ದೂ ಅವಳೇ. ಆ ಬೈಗುಳಗಳು ಬೇಕಾದಲ್ಲಿ ಸೋಮವಾರ ಗ್ರಂಥಾಲಯಕ್ಕೆ ಬನ್ನಿ, ಬಾಗಿಲು ತೆಗೆದಿರುತ್ತದೆ.