ನಮ್ಮ ಅಡ್ಡರಸ್ತೆಯ ಮುಚ್ಚಳವಿಲ್ಲದ ವಾಲ್ವ್

ನಗರದ ನೀರು ಸರಬರಾಜಿನ ಹೊಣೆ ಹೊತ್ತ ಎಂಜಿನಿಯರ್ ಅವರಿಗೆ,

‘ಮಾನ್ಯರೇ’ ಎಂದು ಬರೆಯಲು ಕುಳಿತೆ, ಕೈ ಬರಲಿಲ್ಲ. ವಿದ್ಯಾನಗರದ ನಮ್ಮ ಅಡ್ಡರಸ್ತೆಯ ಒನ್‌ವೇ ವಾಲ್ವಿನೊಳಗಿನ ಮುಚ್ಚಳವನ್ನು ನಿಮ್ಮ ಕಚೇರಿ ಕಳಚಿ ಒಯ್ದಿದೆ. ಹೊರಗಿನ ಕವಚವನ್ನು ಹಾಗೇ ಬಿಟ್ಟು, ನಮಗೊಂದು ಮಾತೂ ಹೇಳದೆ. ನನ್ನ ಹೆಂಡತಿ ಶೀಲಾ ಕಾಮಾಲೆಯಾಗಿ ಆಸ್ಪತ್ರೆ ಸೇರಿ, ಈಗ ಭದ್ರಾವತಿಯಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಾಳೆ. ಇಲ್ಲಿಗೆ ಬರುವುದಿಲ್ಲ ಎನ್ನುತ್ತಿದ್ದಾಳೆ.

ನಮ್ಮ ರಸ್ತೆಯಲ್ಲಿ ನೀರು ಮೇಲಕ್ಕೆ ಏರುವುದಿಲ್ಲ. ಹಾಗಾಗಿ ಮನೆ ಮುಂದೆ ಗುಂಡಿ ತೋಡಿ, ಅದರೊಳಗೆ ನಲ್ಲಿ ಇಟ್ಟುಕೊಂಡು ಬದುಕುವುದು ರೂಢಿ. ಮಳೆ ಬಂದರೆ ಗುಂಡಿಗೆ ಚರಂಡಿ ನೀರೂ ಇಳಿಯುತ್ತದೆ. ಇದನ್ನು ವಾರ್ಡ್ ಸಭೆಯಲ್ಲಿ ಪಕ್ಕದ ಮನೆಯ ಜಗದಾಂಬಾ ಕೇಳಿದಾಗ ನೀವು ನಗುತ್ತಾ ಹೇಳಿದಿರಿ: “ಗುಂಡಿ ಇದ್ರೂ ತೊಂದ್ರೆ ಇಲ್ಲಮ್ಮ, ಒನ್‌ವೇ ವಾಲ್ವ್ ಹಾಕಿದೀವಿ. ಬೇಕಾದ್ರೆ ನಿಮ್ಮ ಮೇಷ್ಟ್ರನ್ನೇ ಕೇಳಿ.” ಭದ್ರಾವತಿಯ ತರಬೇತಿ ಸಂಸ್ಥೆಯೊಂದರಲ್ಲಿ ಪೈಪು, ವಾಲ್ವುಗಳ ಪಾಠ ಹೇಳುವ ನಾನು ಎದ್ದು ನಿಂತೆ. ಮಾತು ಕಡಿಮೆ ನನಗೆ. ಅವತ್ತು ಮಾತ್ರ ವಿವರವಾಗಿ ಆಡಿದೆ.

ಗೇಟ್ ವಾಲ್ವಿನಲ್ಲಿ ಒಂದು ಹಲಗೆ ಮೇಲಿನಿಂದ ಇಳಿದು ದಾರಿ ಮುಚ್ಚುತ್ತದೆ. ಅದನ್ನು ಪೂರ್ತಿ ತೆರೆಯಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಅರೆತೆರೆದು ಬಿಟ್ಟರೆ ಹಲಗೆಯ ಅಂಚು ಸವೆಯುತ್ತದೆ. ನೀರನ್ನು ಹೆಚ್ಚು ಕಡಿಮೆ ಮಾಡಲು ಗ್ಲೋಬ್ ವಾಲ್ವ್ ಬೇಕು. ಬಟರ್‌ಫ್ಲೈ ವಾಲ್ವಿನಲ್ಲಿ ಪೈಪಿನ ನಡುವೆಯೇ ಒಂದು ತಟ್ಟೆ ತಿರುಗುತ್ತದೆ, ಕಾಲು ಸುತ್ತು ಸಾಕು. ಇವಕ್ಕೆಲ್ಲ ಒಂದು ಹಿಡಿ, ಅದನ್ನು ತಿರುಗಿಸಲು ಯಾರದೋ ಕೈ, ಆ ಕೈಗೆ ಯಾರದೋ ಅಪ್ಪಣೆ ಬೇಕು. ಒನ್‌ವೇ ವಾಲ್ವಿಗೆ ಹಿಡಿಯೇ ಇಲ್ಲ. ನೀರು ಮುಂದೆ ಹರಿದಾಗ ಒಳಗಿನ ಮುಚ್ಚಳ ತಾನೇ ತೆರೆದುಕೊಳ್ಳುತ್ತದೆ, ಹಿಂದಕ್ಕೆ ಸರಿದರೆ ತಾನೇ ಬಿದ್ದು ಮುಚ್ಚಿಕೊಳ್ಳುತ್ತದೆ. ಸರಬರಾಜು ನಿಂತು ದೊಡ್ಡ ಪೈಪು ಬರಿದಾದಾಗ ಅದು ನಮ್ಮ ರಸ್ತೆಯ ನೀರನ್ನು ಎಳೆಯುತ್ತದೆ; ಮುಚ್ಚಳವಿಲ್ಲದಿದ್ದರೆ ಖಾಲಿಯಾದ ನಮ್ಮ ಪೈಪಿಗೆ ಗುಂಡಿಯ ಕೊಳಕು ನಲ್ಲಿಯ ಮೂಲಕ ನುಗ್ಗುತ್ತದೆ. ಇಷ್ಟನ್ನೂ ಹೇಳಿ ಕುಳಿತೆ. ನೀವು ಚಪ್ಪಾಳೆ ತಟ್ಟಿದಿರಿ. ಅಧಿಕಾರಿಗಳ ಅಪ್ಪಣೆಯ ಹಂಗಿಲ್ಲದೆ ಕೆಲಸ ಮಾಡುವ ವಾಲ್ವ್ ಅದೊಂದೇ. ತೆಗೆಸಲು ನಿಮಗೆ ಅದೇ ಸಿಕ್ಕಿತೇ?

ಒಂದು ದಿನ ಶೀಲಾ ಕೊಡ ಮೂಸಿ ನೋಡಿ, “ರೀ, ನೀರು ಒಂಥರಾ ವಾಸನೆ ಹೊಡೀತಿದೆ” ಎಂದಳು. “ಗುಂಡಿ ಕೊಳಕು ಒಳಗೆ ಬರೋಕೆ ಸಾಧ್ಯನೇ ಇಲ್ಲ ಕಣೇ, ವಾಲ್ವ್ ಇದೆ” ಎಂದೆ. ವಾಲ್ವ್ ಇರುವ ಚೇಂಬರಿನಲ್ಲಿ ಕವಚವನ್ನೂ ಅದರ ಮೇಲೆ ನೀರಿನ ದಿಕ್ಕು ತೋರುವ ಬಾಣದ ಗುರುತನ್ನೂ ಕಣ್ಣಾರೆ ಕಂಡಿದ್ದೆ. ಅವಳು ಕುಡಿದಳು. ನಾನೂ ಕುಡಿದೆ. ಕಾಮಾಲೆ ಆಗಿದ್ದು ಅವಳಿಗೆ, ಆಮೇಲೆ ಎದುರು ಮನೆಯವರಿಗೆ.

ಅದಾದ ಮೇಲೆ ಬೀದಿಯವರೆಲ್ಲ ಪಟ್ಟು ಹಿಡಿದು ವಾಲ್ವ್ ಬಿಚ್ಚಿಸಿದೆವು. ನೀರು ಬಿಡುವ ಹಾಲೇಶ್ ಬೋಲ್ಟು ಕಳಚಿ ಒಳಗೆ ಕೈ ಹಾಕಿದ. “ಏನೂ ಇಲ್ಲ ಸಾರ್.”

“ಏನೂ ಇಲ್ಲ ಅಂದ್ರೆ?”

“ಮುಚ್ಚಳ ತುಕ್ಕು ಹಿಡಿದು ಅರ್ಧಕ್ಕೇ ನಿಲ್ತಿತ್ತಂತೆ. ಕೊನೆ ಬಿಲ್ಡಿಂಗ್‌ನೋರಿಗೆ ಪ್ರೆಶರ್ ಸಾಲ್ತಿಲ್ಲ ಅಂತ ವಾರ್ಡ್ ಸಭೆಗೂ ಮುಂಚೇನೇ ಆಫೀಸಿಂದ್ಲೇ ತೆಗ್ಸಿದಾರೆ. ನನ್ನನ್ ಯಾಕ್ ಹಂಗ್ ನೋಡ್ತೀರಾ ಮಾರಾಯ್ರೇ?”

ಜಗದಾಂಬಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. “ಮೇಷ್ಟ್ರೇ, ಬಾಗಿಲೇ ಇಲ್ಲದ ಮನೆಗೆ ಬೀಗದ ಪಾಠ ಮಾಡಿದ್ರಲ್ಲ!” ಎಲ್ಲರೂ ನಕ್ಕರು. ನನಗೂ ನಗಬೇಕಾಯಿತು.

ನಿಮ್ಮ ಕಚೇರಿಗೆ ಬಂದೆ. ತುಕ್ಕು ತೆಗೆದು ಹೊಸ ಮುಚ್ಚಳ ಹಾಕಬಹುದಿತ್ತಲ್ಲವೇ ಎಂದು ಕೇಳಿದೆ. “ವಾಲ್ವ್ ಇದೆಯಲ್ಲ ಮೇಷ್ಟ್ರೇ, ತೆಗೆದಿದ್ದು ಬರೀ ಮುಚ್ಚಳ” ಎಂದಿರಿ. ಪರದೇಶದ ಕಾದಂಬರಿಗಳನ್ನು ಅನುವಾದದಲ್ಲಿ ಓದುವಾಗ ಇಂಥ ಮಾತಾಡುವ ಅಧಿಕಾರಿಗಳು ಬಂದರೆ, ಲೇಖಕ ಸ್ವಲ್ಪ ಹೆಚ್ಚೇ ಕಟ್ಟಿದ್ದಾನೆ ಅಂದುಕೊಳ್ಳುತ್ತಿದ್ದೆ. ಆ ಲೇಖಕರೆಲ್ಲರ ಕ್ಷಮೆ ಕೇಳುತ್ತೇನೆ.

ಕೊಳಕು ನೀರು ಕುಡಿಸಿದ್ದಕ್ಕಿಂತ ನನಗೆ ನುಂಗಲಾಗದ್ದು ಬೇರೊಂದಿದೆ. ಸಭೆಯಲ್ಲಿ ನನ್ನನ್ನು ಎಬ್ಬಿಸಿದಾಗ ಮುಚ್ಚಳ ಇಲ್ಲವೆಂದು ನಿಮಗೆ ಗೊತ್ತಿತ್ತು. ನಿಮ್ಮ ಸುಳ್ಳನ್ನು ನನ್ನ ಬಾಯಿಂದ ಆಡಿಸಿದಿರಿ. ಅದನ್ನು ನನ್ನ ಮನೆಯವಳೇ ನಂಬಿದಳು. ನಿನ್ನೆ ಫೋನಿನಲ್ಲಿ, “ಹೊಸದು ಹಾಕಿದಾರೆ ಅಂತ ನೀವು ಹೇಳಿದ್ರೆ ನಾನು ನಂಬಲ್ಲ ರೀ, ಬೇಜಾರ್ ಮಾಡ್ಕೋಬೇಡಿ” ಎಂದಳು. ಬೇಜಾರಾಗಲಿಲ್ಲ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹೊಸ ಮುಚ್ಚಳ ತನ್ನಿ. ಭದ್ರಾವತಿಗೆ ನೀವೇ ಹೋಗಿ ಶೀಲಾಳನ್ನು ಕರೆಯಿರಿ. ಅವಳ ಎದುರಿಗೆ ವಾಲ್ವ್ ಬಿಚ್ಚಿ, ಮುಚ್ಚಳ ಕೂರಿಸಿ, ಅವಳ ಬೆರಳಿಗೆ ಅದು ಬಿದ್ದು ಮುಚ್ಚಿಕೊಳ್ಳುವುದು ತಿಳಿಯುವವರೆಗೆ ಕಾಯಿರಿ. ವಿವರಣೆ ಅವಳು ಕೇಳಿದರೆ ನೀವೇ ಕೊಡಿ. ನಾನು ಬಾಯಿ ತೆರೆಯುವುದಿಲ್ಲ.

ಇಂತಿ,
ಸದ್ಯ ಒಬ್ಬನೇ ಅಡುಗೆ ಮಾಡಿಕೊಂಡು ಉಣ್ಣುತ್ತಿರುವ
ವಿಜಯಕುಮಾರ್
ವಿದ್ಯಾನಗರ, ಶಿವಮೊಗ್ಗ